ಬೀಜದ ಊರಿನಲ್ಲಿ ಸಸಿ ಕೊಳ್ಳುವುದೇಕೆ?

ರಾಯಚೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಮಾನ್ವಿ ದಾಟಿದ ಮೇಲೆ ಸಿಗುವ ಜವಳಗೇರಾಕ್ಕೆ ಸುತ್ತಲಿನ ಊರುಗಳಿಗೆ ಇಲ್ಲದ ಒಂದು ಹೆಗ್ಗಳಿಕೆ ಇದೆ. ಅದು ಬೀಜದ ಊರು. ಕೇಂದ್ರ ಸರ್ಕಾರದ ಬೀಜೋತ್ಪಾದನೆಯ ದೊಡ್ಡ ಫಾರ್ಮ್ ಇರುವುದು ಇಲ್ಲೇ. ಮೊದಲು ಸ್ಟೇಟ್ ಫಾರ್ಮ್ಸ್ ಕಾರ್ಪೊರೇಷನ್ನಿನ ಕೈಯಲ್ಲಿದ್ದ ಈ ನೆಲ, ಆ ಸಂಸ್ಥೆ 2014ರಲ್ಲಿ ರಾಷ್ಟ್ರೀಯ ಬೀಜ ನಿಗಮದಲ್ಲಿ ವಿಲೀನವಾದ ಮೇಲೆ ನಿಗಮದ್ದಾಯಿತು. ಅಲ್ಲಿ ಬೆಳೆಯುವ ಭತ್ತ, ಕಡಲೆ ಅನ್ನಕ್ಕೋ ಬೇಳೆಗೋ ಅಲ್ಲ, ಮುಂದಿನ ವರ್ಷದ ಬಿತ್ತನೆಗೆ. ಬೀಜಕ್ಕೂ ಕಾಳಿಗೂ ಇರುವ ವ್ಯತ್ಯಾಸ ಈ ಭಾಗದ ಕೂಲಿಕಾರರಿಗೂ ಗೊತ್ತು. ಬೇರೆ ತಳಿಯ ತೆನೆ ಕಂಡರೆ ಕಿತ್ತು ಎಸೆಯಬೇಕು, ರಾಶಿಯಲ್ಲಿ ಕಲಬೆರಕೆ ಆಗಬಾರದು, ಚೀಲಕ್ಕೆ ಚೀಟಿ ಹೊಲಿಯಬೇಕು ಎಂಬುದನ್ನು ಕಣ್ಣಾರೆ ಕಂಡ ಜನ ಇವರು. ಆದರೆ ಮಾತು ಹೊಲದಿಂದ ಅಂಗಳಕ್ಕೆ ಬಂದಾಗ, ಅದರಲ್ಲೂ ಚಳಿಗಾಲದ ಬಣ್ಣದ ಹೂವಿಗೆ ಬಂದಾಗ, ಬೀಜದ ನೆನಪೇ ಆಗುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಅರಳಿ ನಿಂತ ಪ್ಯಾನ್ಸಿಯನ್ನು ಕೊಂಡು ತರುತ್ತೇವೆ, ಶಿವರಾತ್ರಿಯ ಹೊತ್ತಿಗೆ ಅದು ಒಣಗುತ್ತದೆ, ‘ನಮ್ಮ ಬಿಸಿಲಿಗೆ ಇದೆಲ್ಲ ಬರೋದಿಲ್ಲ’ ಎಂದು ಕೈತೊಳೆದುಕೊಳ್ಳುತ್ತೇವೆ. ಆ ತೀರ್ಮಾನ ತಪ್ಪು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಪ್ಯಾನ್ಸಿ ನೋಡಬೇಕೆನ್ನುವವರು ಅದನ್ನು ಬೀಜದಿಂದಲೇ ಬೆಳೆಸಬೇಕು, ಕೊಂಡ ಸಸಿಯಿಂದ ಅಲ್ಲ ಎಂಬುದು ಈ ಲೇಖನದ ವಾದ.

ಸಸಿಯ ತೊಂದರೆ ಏನು? ಮೊದಲನೆಯದು, ಅದು ಬರುವ ಹೊತ್ತು. ಕರ್ನಾಟಕದವರು ಪ್ಯಾನ್ಸಿಗೆ ಮರುಳಾಗುವುದು ಸಾಮಾನ್ಯವಾಗಿ ಎರಡು ಕಡೆ: ಗಣರಾಜ್ಯೋತ್ಸವದ ಹೊತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ, ಇಲ್ಲವೇ ಬೇಸಿಗೆ ರಜೆಯ ಊಟಿಯಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಊಟಿ 2,200 ಮೀಟರ್ ಎತ್ತರದಲ್ಲಿ. ರಾಯಚೂರು ಸೀಮೆ 400 ಮೀಟರ್ ಆಸುಪಾಸಿನ ಬಯಲು. ಅಲ್ಲಿ ಜನವರಿಯಲ್ಲೋ ಮೇನಲ್ಲೋ ಅರಳಿದ್ದನ್ನು ನೋಡಿ ಇಲ್ಲಿ ಆಸೆಪಡುವಷ್ಟರಲ್ಲಿ ನಮ್ಮ ಋತು ಮುಗಿಯುತ್ತ ಬಂದಿರುತ್ತದೆ, ಇಲ್ಲವೇ ಮುಗಿದೇ ಹೋಗಿರುತ್ತದೆ. ಎರಡನೆಯದು, ಅದು ಬೆಳೆದ ರೀತಿ. ಮಾರಾಟದ ಸಸಿ ತಂಪಾದ ನೆರಳುಮನೆಯಲ್ಲಿ, ಅಂಗೈಯಗಲದ ಕೊಕೊಪೀಟ್ ಮುದ್ದೆಯಲ್ಲಿ, ದಿನವೂ ಅಳೆದು ಕೊಟ್ಟ ಗೊಬ್ಬರದ ನೀರು ಕುಡಿದು ಬೆಳೆದದ್ದು. ಗಿಡ ಗಿಡ್ಡವಾಗಿ, ಗುಂಡಗೆ ಕಾಣಲೆಂದು ಬೆಳವಣಿಗೆ ತಡೆಯುವ ರಾಸಾಯನಿಕ ಹೊಡೆಯುವುದು ವಾಣಿಜ್ಯ ನರ್ಸರಿಗಳಲ್ಲಿ ಜಗತ್ತಿನೆಲ್ಲೆಡೆ ರೂಢಿಯಲ್ಲಿದೆ. ಹೂ ಬಿಟ್ಟ ಮೇಲೆಯೇ ಅದನ್ನು ಮಾರುತ್ತಾರೆ, ಯಾಕೆಂದರೆ ಹೂವಿಲ್ಲದ ಪ್ಯಾನ್ಸಿಯನ್ನು ಯಾರೂ ಕೊಳ್ಳರು. ಅಂದರೆ ನಾವು ಮನೆಗೆ ತರುವುದು ಆಯುಸ್ಸಿನ ಅರ್ಧ ಕಳೆದುಕೊಂಡ, ಬೇರಿಗೆ ಹರಡಲು ಹೊತ್ತೇ ಸಿಗದ ಒಂದು ಗಿಡವನ್ನು. ಫೆಬ್ರುವರಿಯ ನಮ್ಮ ಮಧ್ಯಾಹ್ನ 33 ಡಿಗ್ರಿ ಮುಟ್ಟಿದಾಗ ಅಂತಹ ಗಿಡ ಸೊರಗಿದರೆ ತಪ್ಪು ಬಿಸಿಲಿನದೂ ಅಲ್ಲ, ಗಿಡದ್ದೂ ಅಲ್ಲ.

ಪ್ಯಾನ್ಸಿಯ ಲೆಕ್ಕ ಸರಳ. ಬೀಜ ಚೆನ್ನಾಗಿ ಮೊಳೆಯಲು 18ರಿಂದ 22 ಡಿಗ್ರಿಯ ತಂಪು ಬೇಕು. ಮಣ್ಣು 26–27 ಡಿಗ್ರಿ ದಾಟಿದರೆ ಬೀಜ ಬದುಕಿದ್ದರೂ ಮೊಳೆಯಲು ಒಪ್ಪುವುದಿಲ್ಲ. ಬಿತ್ತಿದಂದಿನಿಂದ ಮೊದಲ ಹೂವಿಗೆ ಮೂರು ತಿಂಗಳು, ಒಂದೆರಡು ವಾರ ಹೆಚ್ಚು ಕಡಿಮೆ. ರಾತ್ರಿ ತಂಪಾಗಿದ್ದರೆ ಹೂ ಬಿಟ್ಟ ಗಿಡ ಹಗಲಿನ 30 ಡಿಗ್ರಿಯನ್ನು ಸಹಿಸಿಕೊಳ್ಳುತ್ತದೆ. ರಾತ್ರಿಯೂ ಕಾಯತೊಡಗಿದರೆ ಹೂ ಚಿಕ್ಕದಾಗುತ್ತ, ದಂಟು ಉದ್ದವಾಗುತ್ತ, ಕೊನೆಗೆ ಗಿಡ ಬಾಡುತ್ತದೆ. ಇದನ್ನು ರಾಯಚೂರಿನ ಹವೆಯ ಪಕ್ಕದಲ್ಲಿಟ್ಟು ನೋಡಿ. ಅಕ್ಟೋಬರಿನಲ್ಲಿ ಹಗಲು 32ರ ಆಸುಪಾಸು, ರಾತ್ರಿ 20–21. ಡಿಸೆಂಬರ್, ಜನವರಿಯಲ್ಲಿ ಹಗಲು 29–30, ರಾತ್ರಿ 16–17. ಮಾರ್ಚಿನಲ್ಲಿ ಹಗಲು 36 ದಾಟುತ್ತದೆ. ಅಂದಮೇಲೆ ನಮ್ಮ ಪಂಚಾಂಗದಲ್ಲಿ ಪ್ಯಾನ್ಸಿಗೆ ಇರುವುದು ಒಂದೇ ಕಿಟಕಿ: ಸೀಗಿ ಹುಣ್ಣಿಮೆಯಿಂದ ದೀಪಾವಳಿಯೊಳಗೆ ಬಿತ್ತನೆ, ಎಳ್ಳ ಅಮಾವಾಸ್ಯೆಗೆ ಮುಂಚೆಯೇ ಕುಂಡಕ್ಕೆ ನಾಟಿ, ಸಂಕ್ರಾಂತಿಯ ಹೊತ್ತಿಗೆ ಹೂ, ಹೋಳಿಯ ಹೊತ್ತಿಗೆ ಮುಕ್ತಾಯ. ಆರರಿಂದ ಎಂಟು ವಾರಗಳ ಹೂ. ಇಷ್ಟೇನಾ ಎಂದು ಕೇಳುವವರು ಸೇವಂತಿಗೆ ಎಷ್ಟು ವಾರ ಇರುತ್ತದೆಂದು ಒಮ್ಮೆ ಎಣಿಸಲಿ. ಈ ಕಿಟಕಿಯನ್ನು ಹಿಡಿಯಬಲ್ಲವರು ಬೀಜ ಕೈಯಲ್ಲಿಟ್ಟುಕೊಂಡವರು ಮಾತ್ರ. ಬಿತ್ತುವ ದಿನ ಅವರ ಆಯ್ಕೆ, ಸಸಿ ಕೊಳ್ಳುವವರದು ಲಾರಿ ಬಂದ ದಿನ.

ಇಲ್ಲಿ ಏಳುವ ದೊಡ್ಡ ಆಕ್ಷೇಪ ನ್ಯಾಯವಾದದ್ದೇ. ಅಕ್ಟೋಬರಿನಲ್ಲಿ ಹಗಲೇ 32 ಡಿಗ್ರಿ ಇರುವಾಗ 20 ಡಿಗ್ರಿಯ ಮಣ್ಣನ್ನು ಎಲ್ಲಿಂದ ತರುವುದು? ತರಬೇಕಾಗಿಲ್ಲ, ಅದು ಮನೆಯಲ್ಲೇ ಇದೆ, ಕುಡಿಯುವ ನೀರಿನ ಹರವಿಯ ಪಕ್ಕದಲ್ಲಿ. ಮಳೆಗಾಲ ಹಿಂದೆ ಸರಿದು ಗಾಳಿ ಒಣಗುತ್ತಿದ್ದಂತೆ ಮಣ್ಣಿನ ಪಾತ್ರೆಯ ಮೈಯಿಂದ ನೀರು ಆವಿಯಾಗುತ್ತ ಅದರ ಸುತ್ತಲಿನ ಜಾಗವನ್ನು ತಂಪಾಗಿಡುತ್ತದೆ. ಮಣ್ಣಿನ ಚಪ್ಪಟೆ ಕುಂಡದಲ್ಲಿ ಬಿತ್ತಿ, ಅದನ್ನು ಒದ್ದೆ ಮರಳು ತುಂಬಿದ ಇನ್ನೊಂದು ಅಗಲ ಪಾತ್ರೆಯೊಳಗಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ, ಬಿಸಿಲು ಬೀಳದ ನೆಲದ ಮೇಲಿಟ್ಟರೆ ಹೊರಗಿನ ಗಾಳಿಗಿಂತ ಹಲವು ಡಿಗ್ರಿ ಕಡಿಮೆ ಸಿಗುತ್ತದೆ. ರಾತ್ರಿಯ ತಂಪು ಹೇಗೂ ನಮ್ಮ ಪರವಾಗಿಯೇ ಇದೆ. ಗೋಣಿಯಿಂದ ಇನ್ನೊಂದು ಲಾಭ, ಪ್ಯಾನ್ಸಿ ಬೀಜಕ್ಕೆ ಮೊಳೆಯುವಾಗ ಕತ್ತಲೆ ಇಷ್ಟ. ಗೋಣಿಯಲ್ಲಿ ಬೀಜ ಮೊಳಕೆಗೆ ಇಡುವುದನ್ನು ಸಿಂಧನೂರಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕೇ? ಭತ್ತದ ಬೀಜ ನೆನೆಸಿ, ಚೀಲ ಕಟ್ಟಿ, ಮೂತಿ ಬಿಳಿಯಾದ ಮೇಲೆ ಸಸಿ ಮಡಿಗೆ ಚೆಲ್ಲುವ ಕಲೆ ಇಲ್ಲಿ ಮನೆಮನೆಯದು. ಭತ್ತಕ್ಕೆ ಬೆಚ್ಚಗೆ ಮುಚ್ಚುತ್ತೇವೆ, ಪ್ಯಾನ್ಸಿಗೆ ತಣ್ಣಗೆ ಮುಚ್ಚಬೇಕು, ವ್ಯತ್ಯಾಸ ಇಷ್ಟೇ. ಬಿತ್ತುವ ಮುನ್ನ ಪೊಟ್ಟಣವನ್ನು ಒಂದು ವಾರ ಫ್ರಿಜ್ಜಿನಲ್ಲಿಟ್ಟರೆ ಒಳ್ಳೆಯದು. ಬೀಜದ ಮೇಲೆ ಎರಡು ಮೂರು ಮಿಲಿಮೀಟರ್ ಮಣ್ಣು ಸಾಕು. ಹತ್ತರಿಂದ ಇಪ್ಪತ್ತು ದಿನದಲ್ಲಿ ಮೊಳಕೆ ತಲೆ ಎತ್ತುತ್ತದೆ. ಮೊದಲ ಹಸಿರು ಕಂಡ ದಿನವೇ ಗೋಣಿ ತೆಗೆಯಬೇಕು. ಒಂದು ದಿನ ಮರೆತರೂ ಸಸಿ ಬೆಳಕು ಹುಡುಕುತ್ತ ದಾರದಂತೆ ಎಳೆದುಕೊಂಡು ಬೀಳುತ್ತದೆ. ಅಲ್ಲಿಂದ ಮುಂದೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು.

ಮಣ್ಣು ಮತ್ತು ನೀರಿನ ವಿಚಾರದಲ್ಲಿ ಮಾತ್ರ ನಮ್ಮ ಸೀಮೆ ನಿಜಕ್ಕೂ ಕಷ್ಟದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಎರೆಭೂಮಿಗೆ ಹರಿದು ಭತ್ತದ ಕಣಜವನ್ನು ಕೊಟ್ಟಿತು. ಜೊತೆಗೆ ಸವಳು ಜವಳನ್ನೂ ಕೊಟ್ಟಿತು. ಪಕ್ಕದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ನೆಲದ ಮೇಲೆ ಪ್ರತ್ಯೇಕ ಸಂಶೋಧನೆ ನಡೆಯುತ್ತಿರುವುದೇ ಸಮಸ್ಯೆಯ ಅಳತೆಯನ್ನು ಹೇಳುತ್ತದೆ. ಪ್ಯಾನ್ಸಿಗೆ ತುಸು ಹುಳಿ ಮಣ್ಣು ಬೇಕು. ಎರೆಮಣ್ಣು ಕ್ಷಾರದ ಕಡೆಗಿನದು. ಕ್ಷಾರ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹಾಗಾಗಿ ನೆಲದಲ್ಲಿ ನೆಡುವ ಹಟ ಬೇಡ, ಕುಂಡವೇ ಸರಿ. ಲಿಂಗಸುಗೂರು, ಮಸ್ಕಿ ಕಡೆಯ ಕೆಂಪು ಮಸಾರಿ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ತೊಳೆದ ಕೊಕೊಪೀಟ್ ಒಂದು ಪಾಲು ಕಲಸಿದರೆ ಆಯಿತು. ಬೋರ್‌ವೆಲ್ ನೀರು ಉಪ್ಪುಪ್ಪಾಗಿದ್ದರೆ ಮೊಳಕೆಯ ಹಂತದಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಚಿಮುಕಿಸಬೇಕು. ಬಿತ್ತಿದ ಒಂದು ಕುಂಡಕ್ಕೆ ದಿನಕ್ಕೆ ಒಂದು ಲೋಟಕ್ಕಿಂತ ಹೆಚ್ಚು ಹಿಡಿಯದು. ಕಾಲುವೆಯ ನೀರಿಗೆ ಕಾಯಬೇಕಾದ ಬೆಳೆ ಇದಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದದ್ದನ್ನು ಕಂಡವರು ನೀರಿನ ಮಾತನ್ನು ಹಗುರಾಗಿ ಆಡಲಾರರು. ಅವರಿಗೂ ಹತ್ತು ಕುಂಡ ಪ್ಯಾನ್ಸಿಯ ನೀರು ಭಾರವೆನಿಸದು. ನೀರು ಹೆಚ್ಚಾದರೇ ಅಪಾಯ. ಬುಡ ಕೊಳೆತು ಸಸಿಗಳು ಒಂದೇ ರಾತ್ರಿಯಲ್ಲಿ ಸಾಲಾಗಿ ಮಲಗುವುದು ಪ್ರೀತಿಯಿಂದ ದಿನಕ್ಕೆ ಮೂರು ಹೊತ್ತು ನೀರುಣಿಸುವವರ ಮನೆಯಲ್ಲೇ ಹೆಚ್ಚು.

ಇಷ್ಟೆಲ್ಲ ಪಡಿಪಾಟಲು ಯಾಕೆ, ದುಡ್ಡು ಕೊಟ್ಟರೆ ಸಸಿ ಸಿಗುವುದಿಲ್ಲವೇ ಎಂಬುದು ಮುಂದಿನ ಪ್ರಶ್ನೆ. ಸಮಯಕ್ಕೂ ಬೆಲೆಯಿದೆ, ಒಪ್ಪೋಣ. ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಬೇಕು. ಪ್ಯಾನ್ಸಿಯ ಬೀಜ ಒಂದು ಗ್ರಾಂ ತೂಕಕ್ಕೆ ಏಳೆಂಟು ನೂರು ಬರುತ್ತದೆ. ಪೊಟ್ಟಣದಲ್ಲಿ ಐವತ್ತು ಬೀಜ ಇದೆ ಎಂದಿಟ್ಟುಕೊಳ್ಳಿ. ಅರ್ಧ ಮೊಳೆಯಲಿಲ್ಲ, ಮೊಳೆತದ್ದರಲ್ಲಿ ಐದಾರು ಬುಡಕೊಳೆಗೆ ಹೋಯಿತು ಅಂದರೂ ಹದಿನೆಂಟು ಇಪ್ಪತ್ತು ಗಿಡ ಕೈಗೆ ಸಿಗುತ್ತದೆ. ಎರಡು ಅಥವಾ ಮೂರು ಸಸಿಯ ಬೆಲೆಗೆ ಒಂದು ಮೆಟ್ಟಿಲಿನ ಸಾಲು ತುಂಬುತ್ತದೆ. ಸೋಲಿಗೆ ಜಾಗ ಇರುವುದು ಬೀಜದಲ್ಲಿ. ಕೊಂಡ ಎರಡು ಸಸಿಯಲ್ಲಿ ಒಂದು ಹೋದರೆ ಅರ್ಧ ತೋಟವೇ ಹೋದಂತೆ. ಇನ್ನು ಕೆಲಸದ ಮಾತು. ಬಿತ್ತನೆಗೆ ಒಂದು ಸಂಜೆ, ಆಮೇಲೆ ದಿನಕ್ಕೆ ಐದು ನಿಮಿಷ, ನಾಟಿಗೆ ಇನ್ನೊಂದು ಸಂಜೆ. ಕೆಸರಿನಲ್ಲಿ ಬೆನ್ನು ಬಾಗಿಸಿ ಎಕರೆಗಟ್ಟಲೆ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ನಾಡಿನಲ್ಲಿ ಇಪ್ಪತ್ತು ಸಸಿ ನೆಡುವುದನ್ನು ಶ್ರಮವೆಂದು ಬರೆಯಲು ಪೆನ್ನು ಹಿಂಜರಿಯುತ್ತದೆ.

ಕಠಿಣವಾದ ಆಕ್ಷೇಪ ಬೇರೊಂದಿದೆ. ಪರದೇಶದ ಹೂ ಇದು, ಪರಿಮಳವೂ ಇಲ್ಲ, ಮುಡಿಗೂ ಬರದು, ದೇವರಿಗೂ ಸಲ್ಲದು. ಮಲ್ಲಿಗೆ, ಕನಕಾಂಬರ, ಚೆಂಡುಹೂ ಇರುವಾಗ ಇದರ ಉಸಾಬರಿ ಯಾಕೆ? ಮುಡಿಗೆ ಬರುವುದಿಲ್ಲ ಎಂಬುದು ನಿಜ. ಪರದೇಶದ್ದೆಂಬ ಮಾತು ಮಾತ್ರ ನಮ್ಮ ನೆಲದಲ್ಲಿ ನಿಲ್ಲುವುದಿಲ್ಲ. ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೊ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು; ಬ್ಯಾಡಗಿಯ ಮಣ್ಣಿನಲ್ಲಿ ತಲೆಮಾರುಗಳ ಆಯ್ಕೆಯ ನಂತರ ಅದು ಎಷ್ಟರಮಟ್ಟಿಗೆ ನಮ್ಮದಾಯಿತೆಂದರೆ 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಅಷ್ಟು ದೂರ ಯಾಕೆ, ಸಿಂಧನೂರಿನ ಹೆಸರನ್ನು ಹೊತ್ತು ತಿರುಗುವ ಸೋನಾ ಮಸೂರಿಯನ್ನೇ ನೋಡಿ. ಅದರ ಹೆಸರಿನಲ್ಲಿರುವ ಮಸೂರಿ ಮಲೇಷ್ಯಾದ ತಳಿ ಸಂಕರಣದಿಂದ ಬಂದ ಮಹ್ಸೂರಿ. 1986ರಲ್ಲಿ ಬಿಡುಗಡೆಯಾದ, ಬಾಪಟ್ಲದ ಬಿಪಿಟಿ 5204 ಭತ್ತದಲ್ಲೂ ಅದೇ ಮಹ್ಸೂರಿಯ ರಕ್ತ ಹರಿಯುತ್ತಿದೆ. ಹೊಲದಲ್ಲಿ ಮಲೇಷ್ಯಾ ಬೆಳೆಯುವವರು ಕುಂಡದ ಹೂವಿಗೆ ಪಾಸ್‌ಪೋರ್ಟ್ ಕೇಳುವುದು ತಮಾಷೆಯಾಗಿದೆ. ಇನ್ನೂ ಒಂದು ಸಂಗತಿ. ನಮ್ಮ ಹೊಲದ ಬದುಗಳಲ್ಲಿ ಮಳೆಗಾಲದಲ್ಲಿ ಗೇಣುದ್ದ ಬೆಳೆದು, ಒಂದೇ ಅಗಲ ಎಸಳಿನ ನಸುಗೆಂಪು ನೇರಳೆ ಹೂ ಬಿಡುವ ಪುರುಷರತ್ನ ಎಂಬ ಗಿಡವಿದೆ. ನಾಟಿ ವೈದ್ಯರು ಅದನ್ನು ಬಲ್ಲರು. ಅದೂ ಪ್ಯಾನ್ಸಿಯೂ ಒಂದೇ ಸಸ್ಯಕುಟುಂಬದವು, ಎರಡರ ಕಾಯಿಯೂ ಮಾಗಿದಾಗ ಮೂರು ಹೋಳಾಗಿ ಬಿರಿಯುತ್ತದೆ. ಅತಿಥಿಯ ಬಂಧು ಬಹಳ ಹಿಂದಿನಿಂದಲೂ ನಮ್ಮ ಬದುವಿನಲ್ಲೇ ಕುಳಿತಿದ್ದಾಳೆ, ನಾವು ಬಗ್ಗಿ ನೋಡಿಲ್ಲ ಅಷ್ಟೆ.

ಉಪಯೋಗದ ಮಾತಿಗೆ ಬಂದರೆ, ಪ್ಯಾನ್ಸಿಯ ಎಸಳು ತಿನ್ನಬಹುದಾದದ್ದು. ಕೋಸಂಬರಿಯ ಮೇಲೆ ಉದುರಿಸಿದರೆ ಕಣ್ಣಿಗೂ ಹಬ್ಬ. ಇಲ್ಲೂ ಬೀಜದ ಪಕ್ಷವೇ ಗೆಲ್ಲುತ್ತದೆ. ಯಾವ ಔಷಧ ಹೊಡೆದಿದ್ದಾರೋ ತಿಳಿಯದ ಕೊಂಡ ಸಸಿಯ ಹೂವನ್ನು ಬಾಯಿಗಿಡುವುದು ಬುದ್ಧಿವಂತಿಕೆಯಲ್ಲ. ಬೀಜ ಬಿತ್ತಿದವರಿಗೆ ಗಿಡದ ಮೈಮೇಲೆ ಏನು ಬಿದ್ದಿದೆ, ಏನು ಬಿದ್ದಿಲ್ಲ ಎಂಬುದು ಮೊದಲ ದಿನದಿಂದ ಗೊತ್ತು. ಬೇರು ಮತ್ತು ಬೀಜ ಹೊಟ್ಟೆ ತೊಳಸುವಂಥವು, ತಿನ್ನುವುದು ಎಸಳನ್ನು ಮಾತ್ರ.

ಪ್ಯಾನ್ಸಿಯ ಇತಿಹಾಸವೇ ಬೀಜದ ಪರವಾಗಿ ಸಾಕ್ಷಿ ಹೇಳುತ್ತದೆ. ಇನ್ನೂರು ವರ್ಷಗಳ ಹಿಂದೆ ಇಂಥ ಹೂವೇ ಇರಲಿಲ್ಲ. ಯುರೋಪಿನ ಹೊಲಗದ್ದೆಗಳಲ್ಲಿ ಕಳೆಯಂತೆ ಬೆಳೆಯುತ್ತಿದ್ದ, ಬೆರಳುಗುರಿನಷ್ಟು ಅಗಲದ ಮೂರು ಬಣ್ಣದ ವಯೋಲಾ ಇತ್ತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಐವರ್ ಎಂಬಲ್ಲಿ ಲಾರ್ಡ್ ಗ್ಯಾಂಬಿಯರ್ ಅವರ ತೋಟ ನೋಡಿಕೊಳ್ಳುತ್ತಿದ್ದ ವಿಲಿಯಂ ಥಾಮ್ಸನ್ ಅದನ್ನು ಬೇರೆ ವಯೋಲಾಗಳೊಂದಿಗೆ ಬೆರೆಸಿ, ಬಂದ ಬೀಜ ಬಿತ್ತಿ, ದೊಡ್ಡ ಹೂವನ್ನು ಆರಿಸಿ, ಮತ್ತೆ ಬಿತ್ತಿ ವರ್ಷಗಟ್ಟಲೆ ದುಡಿದ. ಇವತ್ತು ನಾವು ಪ್ಯಾನ್ಸಿಯೆಂದರೆ ನೆನೆಯುವ ಆ ಕಪ್ಪು ಮಚ್ಚೆಯ ‘ಮುಖ’ ಅವನ ಜಾಣ್ಮೆಯಿಂದ ಹುಟ್ಟಿದ್ದಲ್ಲ; 1830ರ ದಶಕದಲ್ಲಿ ತಾನಾಗಿ ಬಿದ್ದು ಮೊಳೆತ ಒಂದು ಸಸಿಯಲ್ಲಿ ಬೆಕ್ಕಿನ ಮುಖದಂಥ ಗುರುತು ಅವನ ಕಣ್ಣಿಗೆ ಬಿತ್ತು. ಮುಂದೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ವಿಟ್ರಾಕ್ ಈ ಹೂವಿನ ವಂಶಾವಳಿ ಬರೆದ, ಅವನ ಹೆಸರೇ ಅದರ ವೈಜ್ಞಾನಿಕ ಹೆಸರಿಗೆ ಅಂಟಿಕೊಂಡಿತು. ಬಿದ್ದ ಬೀಜವನ್ನು ಮೊಳೆಯಲು ಬಿಟ್ಟವನಿಗೆ ಕಂಡದ್ದು, ಸಿದ್ಧ ಗಿಡ ತಂದು ಜೋಡಿಸುವವನಿಗೆ ಕಾಣುವಂಥದ್ದಾಗಿರಲಿಲ್ಲ.

ತಿಳಿದವರು ಈ ಹಂತದಲ್ಲಿ ಕೈ ಎತ್ತಿಯಾರು: ಅದೆಲ್ಲ ಆಗಿನ ಕಾಲ, ಈಗ ಪೊಟ್ಟಣದಲ್ಲಿ ಬರುವುದು ಎಫ್-1 ಸಂಕರ ಬೀಜ, ಅದರ ಬೀಜ ಹಿಡಿದಿಟ್ಟು ಬಿತ್ತಿದರೆ ತಾಯಿಯಂತೆ ಮಗಳು ಬರುವುದಿಲ್ಲ. ಮಾತು ಸರಿ. ಸಂಕರ ಬೀಜವನ್ನು ಹೀಗಳೆಯುವ ಉದ್ದೇಶವೂ ಇಲ್ಲಿಲ್ಲ. ಆ ವಿದ್ಯೆಯ ಒಂದು ದೊಡ್ಡ ಕೇಂದ್ರ ನಮ್ಮ ರಾಜ್ಯವೇ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿದರು. ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಹೆಣ್ಣುಮಕ್ಕಳು ಚಿಮಟ ಹಿಡಿದು ಹೂವಿನ ಕೇಸರ ಕಿತ್ತು, ಪರಾಗ ಮುಟ್ಟಿಸಿ ತರಕಾರಿಯ ಸಂಕರ ಬೀಜ ಮಾಡುವುದು ಇಂದಿಗೂ ನಡೆದಿದೆ. ಅಷ್ಟು ನಾಜೂಕು ಕೆಲಸವನ್ನು ದುಡಿಮೆಯಾಗಿ ಮಾಡಬಲ್ಲ ನಾಡು ತನ್ನ ಅಂಗಳದ ಹೂವಿಗೆ ಬೀಜ ಹಿಡಿಯಲಾರದೆಂದರೆ ನಂಬುವುದು ಹೇಗೆ? ಉತ್ತರ ತಳಿಯ ಆಯ್ಕೆಯಲ್ಲಿದೆ. ಸ್ವಿಸ್ ಜೈಂಟ್‌ನಂತಹ ಹಳೆಯ, ಮುಕ್ತ ಪರಾಗಸ್ಪರ್ಶದ ಪ್ಯಾನ್ಸಿಗಳು ಇವತ್ತಿಗೂ ಸಿಗುತ್ತವೆ. ಅವುಗಳ ಮಕ್ಕಳು ಅಚ್ಚೊತ್ತಿದಂತೆ ಒಂದೇ ಬಣ್ಣಕ್ಕೆ ಬರುವುದಿಲ್ಲ, ಆದರೆ ಎಲ್ಲವೂ ಒಳ್ಳೆಯ ಪ್ಯಾನ್ಸಿಗಳೇ ಆಗಿರುತ್ತವೆ. ಬಣ್ಣದ ಕರಾರುವಾಕ್ಕು ಬೇಕಾದದ್ದು ನಗರಸಭೆಯ ವೃತ್ತಕ್ಕೆ. ಮನೆಯ ಕಟ್ಟೆಗೆ ಏನು ಅರಳೀತೆಂಬ ಕುತೂಹಲವೇ ಸೊಗಸು. ಮೊದಲ ವರ್ಷ ಎಫ್-1 ಬಿತ್ತಿ ಕೈ ಪಳಗಿಸಿಕೊಂಡರೂ ತಪ್ಪಿಲ್ಲ. ಅದರ ಬೀಜದಿಂದ ಬೆರಕೆ ಬಂದರೆ ಅದು ಪಾಠವೇ ಹೊರತು ನಷ್ಟವಲ್ಲ.

ಬೀಜ ಹಿಡಿಯುವುದಕ್ಕೆ ಬೇಕಾದ ಶಿಸ್ತನ್ನು ಜವಳಗೇರಾದ ಫಾರ್ಮಿನ ಬೇಲಿಯಾಚೆಯಿಂದಲೇ ಕಲಿಯಬಹುದು. ಪ್ರಮಾಣಿತ ಭತ್ತದ ಬೀಜ ನೂರಕ್ಕೆ ಕನಿಷ್ಠ 80 ಮೊಳೆಯಬೇಕು, ಕಡಲೆ 85. ತನ್ನ ಹೂವಿನಿಂದಲೇ ಫಲಿಸುವ ಭತ್ತಕ್ಕೆ ಪಕ್ಕದ ತಳಿಯಿಂದ 3 ಮೀಟರ್ ಅಂತರ ಸಾಕು, ಹುಳುಗಳು ಪರಾಗ ಹೊರುವ ತೊಗರಿಗೆ ಕನಿಷ್ಠ ನೂರು ಮೀಟರ್ ದೂರ ಬೇಕು. ಪ್ಯಾನ್ಸಿ ತೊಗರಿಯ ಕಡೆಯದು, ಜೇನುಹುಳು ಒಂದು ಕುಂಡದಿಂದ ಇನ್ನೊಂದಕ್ಕೆ ಹಾರಿದರೆ ಬಣ್ಣ ಬೆರೆಯುತ್ತದೆ. ಹಳದಿಯೇ ಬೇಕೆನ್ನುವವರು ಹಳದಿಯನ್ನು ಮಹಡಿಯ ಮೇಲೆ, ನೇರಳೆಯನ್ನು ಹಿತ್ತಿಲಲ್ಲಿ ಇಟ್ಟರೆ ಬೆರಕೆ ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಗುತ್ತದೆ. ಪೊಟ್ಟಣದ ಬೀಜದ ಮೇಲೆ ಅನುಮಾನ ಬಂದರೆ ಪ್ರಯೋಗಾಲಯದವರು ಮಾಡುವುದನ್ನೇ ಮಾಡಬಹುದು: ಒದ್ದೆ ಕಾಗದದ ಮಡಿಕೆಯಲ್ಲಿ ಬೀಜವಿಟ್ಟು, ಡಬ್ಬಿಯಲ್ಲಿ ಮುಚ್ಚಿ, ತಂಪಿನಲ್ಲಿ ಇಡುವುದು. ಮೊಳೆತದ್ದನ್ನು ಕಡ್ಡಿಯ ತುದಿಯಿಂದ ಎತ್ತಿ ಕುಂಡಕ್ಕೆ ಇಳಿಸಿದರೆ ಪರೀಕ್ಷೆಯೂ ಆಯಿತು, ಬಿತ್ತನೆಯೂ ಆಯಿತು. ಪ್ಯಾನ್ಸಿ ಬೀಜಕ್ಕೆ ಆಯುಸ್ಸು ಕಡಿಮೆ, ಸೆಕೆಯ ಕೋಣೆಯಲ್ಲಿಟ್ಟರೆ ಮುಂದಿನ ವರ್ಷಕ್ಕೇ ಅದರ ಬಲ ಕುಂದುತ್ತದೆ. ನಮ್ಮ ಮೇ ತಿಂಗಳ 40 ಡಿಗ್ರಿಯನ್ನು ಅಂಗಡಿಯ ತಗಡಿನ ಕೆಳಗೆ ಕಳೆದ ಪೊಟ್ಟಣ ಮೊಳೆಯದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಆಯ್ಕೆಯ ಮಾತೂ ಇಲ್ಲೇ ಬರುತ್ತದೆ, ನನ್ನ ವಾದದ ಗಟ್ಟಿ ತಿರುಳು ಇದು. ಇಪ್ಪತ್ತು ಗಿಡ ಬೀಜದಿಂದ ಬಂದಿದ್ದರೆ ಇಪ್ಪತ್ತೂ ಒಂದೇ ಥರ ಇರುವುದಿಲ್ಲ. ಫೆಬ್ರುವರಿ ಮಧ್ಯದ ಬಿಸಿಲಿಗೆ ಹದಿನೈದು ಸೊರಗಿದಾಗ ಮೂರೋ ನಾಲ್ಕೋ ಇನ್ನೂ ಹೂ ಹೊತ್ತು ನಿಂತಿರುತ್ತವೆ. ಬೀಜಕ್ಕೆ ಬಿಡಬೇಕಾದದ್ದು ಅವನ್ನು, ಅತಿ ದೊಡ್ಡ ಹೂ ಬಿಟ್ಟದ್ದನ್ನಲ್ಲ. ಒಂದೆರಡು ವರ್ಷದಲ್ಲಿ ರಾಯಚೂರಿನ ಬಿಸಿಲಿಗೆ ಹೇಳಿ ಮಾಡಿಸಿದ ಪ್ಯಾನ್ಸಿ ಹುಟ್ಟಿಬಿಡುತ್ತದೆಂದು ಯಾರೂ ಭರವಸೆ ಕೊಡಲಾರರು, ತಳಿ ಆಯ್ಕೆ ನಿಧಾನದ ಕೆಲಸ. ಆದರೂ ಒಂದು ವಾರ ತಡವಾಗಿ ಬಾಡುವ ಸಾಲು ನಾಲ್ಕೈದು ವರ್ಷದಲ್ಲಿ ಒಂದು ಓಣಿಯ ಕೈಗೆ ಬಂದರೆ ಅದೇನು ಕಡಿಮೆಯೇ? ಕೊಂಡ ಸಸಿಗಳಲ್ಲಿ ಈ ದಾರಿ ಮುಚ್ಚಿಹೋಗಿರುತ್ತದೆ, ಪ್ರತಿ ವರ್ಷವೂ ಅದು ಬೇರೆಯವರ ಹವೆಗೆ ಬೆಳೆದ ಗಿಡ, ಪ್ರತಿ ವರ್ಷವೂ ಮೊದಲಿನಿಂದ. ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬರೆದುಕೊಟ್ಟಿದೆ. ಬಳಸದ ಹಕ್ಕು ಪೊಟ್ಟಣದಲ್ಲಿ ಮುದಿಯಾಗುವ ಬೀಜದಂತೆ.

ಸಾರ್ವಜನಿಕ ಸಂಸ್ಥೆಗಳಿಂದ ಕೇಳಬೇಕಾದದ್ದೂ ಸ್ವಲ್ಪ ಇದೆ. ರಾಷ್ಟ್ರೀಯ ಬೀಜ ನಿಗಮ ತರಕಾರಿ, ಹೂವಿನ ಸಣ್ಣ ಪೊಟ್ಟಣಗಳನ್ನು ಆನ್‌ಲೈನಿನಲ್ಲಿ ಮಾರುತ್ತದೆ. ಅದು ಒಳ್ಳೆಯದೇ, ಆದರೆ ಅಂಗಳದಲ್ಲಿ ಹೂ ಬೆಳೆಸುವ ಗೃಹಿಣಿ ಮೊಬೈಲಿನಲ್ಲಿ ಹುಡುಕಿ ತರಿಸುವುದಕ್ಕಿಂತ ದಸರೆಯ ಹೊತ್ತಿಗೆ ಜವಳಗೇರಾದಲ್ಲಿ, ಸಿಂಧನೂರಿನ ರೈತ ಸಂಪರ್ಕ ಕೇಂದ್ರದಲ್ಲಿ ಕೈಗೆ ಎಟಕುವಂತೆ ಇಡುವುದು ಲೇಸು. ಪೊಟ್ಟಣದ ಮೇಲೆ ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನ, ಮುಕ್ತ ತಳಿಯೋ ಸಂಕರವೋ ಎಂಬುದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ಭತ್ತದ ಚೀಲಕ್ಕೆ ಚೀಟಿ ಬೇಕೆನ್ನುವ 1966ರ ಬೀಜ ಕಾಯ್ದೆಯ ಆಶಯ ಹೂವಿನ ಪೊಟ್ಟಣಕ್ಕೆ ಬೇಡವೆಂದೇನೂ ಇಲ್ಲ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಎರಡೂ ನಮ್ಮ ಕೈಯಳತೆಯಲ್ಲಿವೆ. ಬಯಲುಸೀಮೆಯ ಮನೆಗಳಿಗೆ ಯಾವ ಚಳಿಗಾಲದ ಹೂ, ಯಾವ ವಾರದಲ್ಲಿ ಬಿತ್ತಬೇಕೆಂಬ ಒಂದು ಪುಟದ ಪಟ್ಟಿಯನ್ನು ಅವು ಕೊಟ್ಟರೆ ಸಾಕು. ರೈತರ ಸಂಕಟದ ನಡುವೆ ಹೂವಿನ ಚಿಂತೆಯೇ ಎಂದು ಮುನಿಯುವವರಿಗೆ ಹೇಳುವುದಿಷ್ಟು: ಕಳಪೆ ಬೀಜದ ಮೋಸ ಮೊದಲು ಅರ್ಥವಾಗುವುದು ಮೊಳಕೆ ಎಣಿಸಿ ಅಭ್ಯಾಸವಿರುವ ಮನೆಗೆ. ಕುಂಡದಲ್ಲಿ ಐವತ್ತಕ್ಕೆ ಎಷ್ಟು ಎದ್ದವೆಂದು ಎಣಿಸಿದ ಹುಡುಗಿ ನಾಳೆ ಹತ್ತಿಯ ಪೊಟ್ಟಣ ಹಿಡಿದು ಅದೇ ಪ್ರಶ್ನೆ ಕೇಳುತ್ತಾಳೆ.

ಬೀಜ ಹಿಡಿಯುವುದರಲ್ಲಿ ಒಂದೇ ಒಂದು ಕಿತಾಪತಿ ಇದೆ. ಬಾಡಿದ ಹೂವನ್ನು ಚಿವುಟುತ್ತಿದ್ದರೆ ಗಿಡ ಹೊಸ ಮೊಗ್ಗು ಬಿಡುತ್ತದೆ, ಕಾಯಿಗೆ ಬಿಟ್ಟರೆ ಹೂ ಕಡಿಮೆಯಾಗುತ್ತದೆ. ಹಾಗಾಗಿ ಫೆಬ್ರುವರಿ ಮಧ್ಯದವರೆಗೆ ಚಿವುಟಿ, ಆಮೇಲೆ ಆರಿಸಿದ ಗಿಡಗಳನ್ನು ಬಿಟ್ಟುಬಿಡಬೇಕು. ಎಳೆಯ ಕಾಯಿ ತಲೆ ತಗ್ಗಿಸಿಕೊಂಡಿರುತ್ತದೆ. ಮಾಗುತ್ತಿದ್ದಂತೆ ಕತ್ತು ಮೇಲೆತ್ತಿ, ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆ ಬೆಳಗ್ಗೆಯೇ ಕಿತ್ತು ಕಾಗದದ ಕವರಿಗೆ ಹಾಕಬೇಕು, ಮಧ್ಯಾಹ್ನಕ್ಕೆ ಮುಂದೂಡಿದರೆ ಮೂರು ಹೋಳಾಗಿ ಬಿರಿದು, ಒಣಗಿದ ಹೋಳುಗಳು ಒತ್ತಿದ ರಭಸಕ್ಕೆ ಬೀಜ ಮಾರು ದೂರ ಚಿಮ್ಮುತ್ತದೆ, ಉಳಿದದ್ದನ್ನು ಇರುವೆಗಳು ಹೊತ್ತೊಯ್ಯುತ್ತವೆ. ಕವರಿನೊಳಗೇ ಅದು ಪಟಪಟ ಸಿಡಿಯಲಿ. ಮೇಲೆ ವರ್ಷ, ಬಣ್ಣ, ಯಾವ ತಾರೀಕಿನವರೆಗೆ ಗಿಡ ನಿಂತಿತ್ತು ಎಂಬುದನ್ನು ಬರೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ಹಿಡಿ ಹುರಿದ ಅಕ್ಕಿಯ ಜೊತೆ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮುಂದಿನ ಸೀಗಿ ಹುಣ್ಣಿಮೆಯವರೆಗೆ ಇಡುವುದು.